ಒಂದು ಪಿಸ್ತೂಲು, ಎರಡು ಹದ್ದು
ಯುದ್ಧಕಾಲದ ವಸ್ತುವಿನ ಅಸಲಿತನವನ್ನು ಪರೀಕ್ಷಿಸುವ ಬಗೆ



ಇತಿಹಾಸದ ಆಧಾರಗಳು ಯಾವುವು ಎಂಬ ಪಾಠವನ್ನು ನೀವೆಲ್ಲರೂ ಓದಿಯೇ ಇರುತ್ತೀರಿ. ಶಾಸನಗಳು, ನಾಣ್ಯಗಳು, ಕಡತಗಳು, ಸ್ಮಾರಕಗಳು ಎಂದು ಪಟ್ಟಿ ಬರೆದು ಅಂಕವನ್ನೂ ಪಡೆದಿರುತ್ತೀರಿ. ಆದರೆ ಆ ಪಟ್ಟಿಗಿಂತ ಮೊದಲು ಕೇಳಬೇಕಾದ ಒಂದು ಪ್ರಶ್ನೆಯಿದೆ. ನಮ್ಮ ಮುಂದಿರುವ ಆಧಾರ ಅಸಲಿಯೋ, ನಕಲಿಯೋ?

ನಮ್ಮ ನಾಡಿನ ಇತಿಹಾಸಕಾರರಿಗೆ ಈ ಪ್ರಶ್ನೆ ಹೊಸದಲ್ಲ. ಭೂಮಿಯ ಮೇಲೆ ಹಕ್ಕು ಸಾಧಿಸುವುದಕ್ಕಾಗಿ ಎಂದೋ ಗತಿಸಿಹೋದ ಅರಸನ ಹೆಸರಿನಲ್ಲಿ ತಾಮ್ರಪಟ ಬರೆಸಿಕೊಂಡವರು ಹಿಂದೆಯೂ ಇದ್ದರು. ಅಂಥವನ್ನು ಕೂಟಶಾಸನ ಎನ್ನುತ್ತೇವೆ. ಗಂಗ ಅರಸರ ತಾಮ್ರಪಟಗಳ ವಿಷಯದಲ್ಲಿ ಬಿ. ಎಲ್. ರೈಸ್ ಮತ್ತು ಜೆ. ಎಫ್. ಫ್ಲೀಟ್ ಎಂಬ ಇಬ್ಬರು ವಿದ್ವಾಂಸರ ನಡುವೆ ದೊಡ್ಡ ವಾದವೇ ನಡೆಯಿತು. ಅವುಗಳಲ್ಲಿ ಹಲವು ಕೂಟವೆಂದು ಫ್ಲೀಟ್ ವಾದಿಸಿದರೆ, ರೈಸ್ ಅದನ್ನು ಒಪ್ಪಲಿಲ್ಲ. ಇಂಥ ಶಾಸನವನ್ನು ಪರೀಕ್ಷಿಸುವವರು ಕೇಳುವ ಪ್ರಶ್ನೆಗಳು ಬಹಳ ಸರಳ. ಶಾಸನದಲ್ಲಿ ಹೇಳಿದ ಕಾಲಕ್ಕೆ ಅದರ ಅಕ್ಷರದ ರೂಪ ಹೊಂದುತ್ತದೆಯೇ? ತಿಥಿ, ವಾರಗಳು ಕೂಡಿಬರುತ್ತವೆಯೇ? ಅದರ ಭಾಷೆ ಆ ಕಾಲದ್ದೇ?

ಇದೇ ಪ್ರಶ್ನೆಗಳನ್ನು ಇಂದು ನಾವು ಬೇರೊಂದು ಬಗೆಯ ವಸ್ತುವಿಗೆ ಕೇಳೋಣ. ಅದು ಎರಡನೆಯ ಮಹಾಯುದ್ಧದ ಕಾಲದ ಒಂದು ಪಿಸ್ತೂಲು. ಪಿಸ್ತೂಲಿಗೂ ಶಾಸನಕ್ಕೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ಎರಡೂ ಲೋಹದ ವಸ್ತುಗಳು, ಎರಡರ ಮೇಲೂ ಅಕ್ಷರಗಳಿವೆ, ಎರಡರ ಮೇಲೂ ರಾಜಮುದ್ರೆಯಿದೆ. ಎರಡನ್ನೂ ಲಾಭಕ್ಕಾಗಿ ತಿದ್ದುವವರಿದ್ದಾರೆ. ಯೂರೋಪ್ ಮತ್ತು ಅಮೆರಿಕಗಳಲ್ಲಿ ಯುದ್ಧಕಾಲದ ಆಯುಧಗಳನ್ನು ಸಂಗ್ರಹಿಸುವವರು ಬಹಳ. ಅಸಲಿ ವಸ್ತುವಿಗೆ ಅಲ್ಲಿ ದೊಡ್ಡ ಬೆಲೆ. ಬೆಲೆಯಿದ್ದ ಕಡೆ ನಕಲೂ ಹುಟ್ಟುತ್ತದೆ.

ನಮ್ಮ ಉದಾಹರಣೆಗಾಗಿ ಪೋಲೆಂಡ್ ದೇಶದ ‘ವಿಸ್’ ಎಂಬ ಪಿಸ್ತೂಲನ್ನು ಆರಿಸಿಕೊಂಡಿದ್ದೇನೆ. ಇದನ್ನೇ ಆರಿಸಿದ್ದಕ್ಕೆ ಕಾರಣವಿದೆ. ಅದು ಕೊನೆಗೆ ನಿಮಗೇ ತಿಳಿಯುತ್ತದೆ.

ಹೊಸ ರಾಷ್ಟ್ರದ ಹೊಸ ಆಯುಧ

ಪೋಲೆಂಡ್ ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾಲ ಭೂಪಟದ ಮೇಲೆ ಇರಲೇ ಇಲ್ಲ. ನೆರೆಯ ರಷ್ಯ, ಪ್ರಷ್ಯ ಮತ್ತು ಆಸ್ಟ್ರಿಯ ಅದನ್ನು ಹಂಚಿಕೊಂಡಿದ್ದವು. ಮೊದಲನೆಯ ಮಹಾಯುದ್ಧ ಮುಗಿದ 1918ರಲ್ಲಿ ಅದು ಮತ್ತೆ ಸ್ವತಂತ್ರವಾಯಿತು. ಆಗ ಅದರ ಸೈನ್ಯದ ಕೈಯಲ್ಲಿದ್ದದ್ದು ಹಳೆಯ ಸಾಮ್ರಾಜ್ಯಗಳು ಬಿಟ್ಟುಹೋದ ಹತ್ತಾರು ಬಗೆಯ ಆಯುಧಗಳು. ಒಂದರ ತೋಟಾ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಇಂಥ ಸೈನ್ಯಕ್ಕೆ ಒಂದೇ ಮಾದರಿಯ, ಸ್ವದೇಶಿ ಪಿಸ್ತೂಲು ಬೇಕಾಗಿತ್ತು.

ಜೆಕೊಸ್ಲೊವಾಕಿಯದ ಪಿಸ್ತೂಲೊಂದರ ಪರವಾನಗಿ ಪಡೆಯುವ ಆಲೋಚನೆ ನಡೆದಿತ್ತು. ಆಗ ಪಿಯೋತ್ರ್ ವಿಲ್ನೆವ್‌ಚಿಟ್ಸ್ ಎಂಬ ಎಂಜಿನಿಯರು, ನಾವೇ ಮಾಡಬಲ್ಲೆವು ಎಂದು ಮುಂದೆ ಬಂದರು. ಯಾನ್ ಸ್ಕ್ಷಿಪಿನ್‌ಸ್ಕಿ ಅವರ ಜೊತೆ ಸೇರಿದರು. ಇಬ್ಬರ ಹೆಸರಿನ ಮೊದಲಕ್ಷರಗಳಿಂದ ಬಂದ ಹೆಸರು ಮುಂದೆ ‘ವಿಸ್’ ಎಂದು ನೆಲೆ ನಿಂತಿತು. ಲ್ಯಾಟಿನ್ ಭಾಷೆಯಲ್ಲಿ ‘ವಿಸ್’ ಎಂದರೆ ಬಲ. ಅಮೆರಿಕದ ಜಾನ್ ಬ್ರೌನಿಂಗ್ ರೂಪಿಸಿದ ಪಿಸ್ತೂಲುಗಳ ಪ್ರಭಾವ ಇದರಲ್ಲಿ ಎದ್ದುಕಾಣುತ್ತದೆ. ಆದರೂ ಇದು ಬರಿಯ ಅನುಕರಣೆಯಾಗಿರಲಿಲ್ಲ. ಕುದುರೆ ಸವಾರನು ಒಂದು ಕೈಯಲ್ಲಿ ಲಗಾಮು ಹಿಡಿದಿರುವಾಗ ಇನ್ನೊಂದೇ ಕೈಯಿಂದ ಪಿಸ್ತೂಲಿನ ಹ್ಯಾಮರನ್ನು ಅಪಾಯವಿಲ್ಲದೆ ಕೆಳಗಿಳಿಸಲು ಬೇಕಾದ ಒಂದು ಸನ್ನೆಯನ್ನು ಇದಕ್ಕೆ ಜೋಡಿಸಿದರು. ಅಶ್ವದಳವನ್ನು ಹೆಮ್ಮೆಯಿಂದ ಕಾಣುತ್ತಿದ್ದ ದೇಶದ ಬೇಡಿಕೆ ಅದು.

ರಾದೋಮ್ ಎಂಬ ಪಟ್ಟಣದ ಸರ್ಕಾರಿ ಆಯುಧ ಕಾರ್ಖಾನೆಯಲ್ಲಿ ಇದರ ತಯಾರಿಕೆ ನಡೆಯಿತು. ಅದು 9 ಮಿಲಿಮೀಟರ್ ಗುಂಡಿನ ಪಿಸ್ತೂಲು. ಒಮ್ಮೆ ತುಂಬಿದರೆ ಎಂಟು ತೋಟಾಗಳು, ತೂಕ ಸುಮಾರು ಒಂದು ಕಿಲೋಗ್ರಾಂ. ಯುದ್ಧಕ್ಕೆ ಮೊದಲು ತಯಾರಾದ ಪಿಸ್ತೂಲುಗಳ ಸಂಖ್ಯೆ ಸುಮಾರು 49,000.

ಈಗ ಅದರ ಮೇಲಿನ ‘ಶಾಸನ’ವನ್ನು ಓದೋಣ. ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಸರಿಯುವ ಉಕ್ಕಿನ ಕವಚವೊಂದಿದೆ. ಅದನ್ನು ಸ್ಲೈಡ್ ಎನ್ನುತ್ತಾರೆ. ಯುದ್ಧಪೂರ್ವದ ವಿಸ್ ಪಿಸ್ತೂಲಿನ ಸ್ಲೈಡಿನ ಎಡಮಗ್ಗುಲಲ್ಲಿ ಕಾರ್ಖಾನೆಯ ಹೆಸರು, ತಯಾರಾದ ವರ್ಷ, ಪೇಟೆಂಟ್ ಸಂಖ್ಯೆ 15567, ಮತ್ತು ನಡುವೆ ಕಿರೀಟ ಧರಿಸಿದ ಹದ್ದು ಇವೆ. ಆ ಹದ್ದು ಪೋಲೆಂಡಿನ ರಾಷ್ಟ್ರಲಾಂಛನ. ಜೊತೆಗೆ ‘ವಿಸ್ ವ್ಜ. 35’ ಎಂಬ ಬರಹ. ‘ವ್ಜ.’ ಎಂಬುದು ಪೋಲಿಷ್ ಭಾಷೆಯ ‘ವ್ಜುರ್’ ಎಂಬ ಪದದ ಸಂಕ್ಷೇಪ. ಮಾದರಿ ಎಂದು ಅರ್ಥ. ಈ ಚಿಕ್ಕ ಪದವನ್ನು ನೆನಪಿನಲ್ಲಿಡಿ. ಮುಂದೆ ಇದೇ ನಮಗೆ ಸಾಕ್ಷಿ ಹೇಳಲಿದೆ.

ಹದ್ದು ಬದಲಾಯಿತು

1939ರ ಸೆಪ್ಟೆಂಬರ್ 1ರಂದು ಜರ್ಮನಿ ಪೋಲೆಂಡಿನ ಮೇಲೆ ದಾಳಿ ಮಾಡಿತು. 17ರಂದು ಪೂರ್ವದಿಂದ ಸೋವಿಯತ್ ಸೈನ್ಯ ಒಳನುಗ್ಗಿತು. ತಿಂಗಳು ಕಳೆದು ಕೆಲವೇ ದಿನಗಳಲ್ಲಿ ಎಲ್ಲವೂ ಮುಗಿಯಿತು. ರಾದೋಮ್ ಪಟ್ಟಣ ಮೊದಲನೆಯ ವಾರ ದಾಟುತ್ತಿದ್ದಂತೆಯೇ ಜರ್ಮನರ ವಶವಾಯಿತು. ಯಂತ್ರಗಳು ಅಲ್ಲಿಯೇ ಇದ್ದವು, ನುರಿತ ಕೆಲಸಗಾರರೂ ಅಲ್ಲಿಯೇ ಇದ್ದರು. ಆಸ್ಟ್ರಿಯದ ಸ್ಟೈಯರ್ ಕಂಪನಿಯ ಆಡಳಿತದಲ್ಲಿ ಕಾರ್ಖಾನೆ ಮತ್ತೆ ನಡೆಯತೊಡಗಿತು. ಆದರೆ ಈ ಸಲ ಪಿಸ್ತೂಲುಗಳು ಹೋದದ್ದು ಜರ್ಮನ್ ಸೈನ್ಯಕ್ಕೆ.

ಹೊಸ ಒಡೆಯರು ಪಿಸ್ತೂಲಿನ ಹೆಸರನ್ನು ಬದಲಿಸಿದರು. ಅವರ ದಾಖಲೆಯಲ್ಲಿ ಅದು ‘ಪಿ. 35 (ಪಿ)’. ಕಂಸದೊಳಗಿನ ಅಕ್ಷರದ ಅರ್ಥ ‘ಪೋಲಿಷ್’, ಅಂದರೆ ವಶಪಡಿಸಿಕೊಂಡ ದೇಶದ್ದು. ಸ್ಲೈಡಿನ ಮೇಲಿದ್ದ ಕಿರೀಟದ ಹದ್ದು ಹೋಯಿತು. ತಯಾರಾದ ವರ್ಷವೂ ಹೋಯಿತು. ‘ವ್ಜ.’ ಎಂಬ ಪೋಲಿಷ್ ಸಂಕ್ಷೇಪದ ಸ್ಥಳದಲ್ಲಿ ‘ಮೋಡ್.’ ಬಂತು. ಜರ್ಮನ್ ಭಾಷೆಯಲ್ಲಿ ಅದಕ್ಕೂ ಮಾದರಿಯೆಂದೇ ಅರ್ಥ. ಅದರ ಜೊತೆಗೆ ಇನ್ನೊಂದು ಹದ್ದು ಕಾಣಿಸಿಕೊಂಡಿತು. ಇದು ಸಾಸಿವೆ ಕಾಳಿನಷ್ಟು ಚಿಕ್ಕದು. ಅದರ ಕೆಳಗೆ ಒಂದು ಸಂಖ್ಯೆ, ರಾದೋಮ್‌ನಲ್ಲಿ ಸಾಮಾನ್ಯವಾಗಿ 77. ಪಿಸ್ತೂಲನ್ನು ಪರೀಕ್ಷಿಸಿ ಒಪ್ಪಿಕೊಂಡ ಜರ್ಮನ್ ಸೇನಾ ಇಲಾಖೆಯ ತನಿಖಾ ಮುದ್ರೆ ಅದು.

ಒಂದೇ ಕಾರ್ಖಾನೆ, ಬಹುಮಟ್ಟಿಗೆ ಅದೇ ಕೈಗಳು, ಅದೇ ಯಂತ್ರಗಳು. ಬದಲಾದದ್ದು ಹದ್ದು ಮಾತ್ರ. ಯುದ್ಧದ ಅವಧಿಯಲ್ಲಿ ಹೀಗೆ ಮೂರು ಲಕ್ಷಕ್ಕೂ ಹೆಚ್ಚು ಪಿಸ್ತೂಲುಗಳು ತಯಾರಾದವು.

ಅವಸರ ಹೆಚ್ಚಿದಂತೆ ಪಿಸ್ತೂಲಿನ ರೂಪವೂ ಬದಲಾಯಿತು. ಹಿಡಿಯ ಹಿಂಬದಿಯಲ್ಲಿ ಮರದ ದಸ್ತೆಯನ್ನು ಸಿಕ್ಕಿಸಲು ಇದ್ದ ಸೀಳನ್ನು ಕೈಬಿಟ್ಟರು. ಪಿಸ್ತೂಲನ್ನು ಬಿಚ್ಚುವಾಗ ಸ್ಲೈಡನ್ನು ತಡೆದು ನಿಲ್ಲಿಸುತ್ತಿದ್ದ ಸನ್ನೆಯನ್ನೂ ಕೈಬಿಟ್ಟರು. ಕೊನೆಕೊನೆಗೆ ಹಿಡಿಯ ಎರಡೂ ಬದಿಗೆ ಸಾದಾ ಗೆರೆ ಕೊರೆದ ಮರದ ತುಂಡು ಸಾಕೆಂದರು. ನುಣುಪಾದ ಮೆರುಗಿನ ಬದಲು ಯಂತ್ರದ ಹಲ್ಲಿನ ಗೆರೆಗಳು ಹಾಗೆಯೇ ಉಳಿಯತೊಡಗಿದವು. 1945ರ ಜನವರಿಯಲ್ಲಿ ಸೋವಿಯತ್ ಸೈನ್ಯ ರಾದೋಮ್ ಪಟ್ಟಣಕ್ಕೆ ಬರುವ ಮೊದಲೇ ಜರ್ಮನರು ತಯಾರಿಕೆಯನ್ನು ಆಸ್ಟ್ರಿಯಕ್ಕೆ ಸಾಗಿಸಿದ್ದರು. ಅಲ್ಲಿ ತಯಾರಾದ ಕೊನೆಯ ಪಿಸ್ತೂಲುಗಳ ಮೇಲೆ ಸ್ಟೈಯರ್ ಕಂಪನಿಯ ಗುಪ್ತ ಸಂಕೇತವಾದ ‘ಬಿ ಎನ್ ಜೆಡ್’ ಎಂಬ ಮೂರು ಅಕ್ಷರಗಳಿವೆ.

ಪರೀಕ್ಷೆಯ ಐದು ಹೆಜ್ಜೆಗಳು

ಈಗ ನಿಮ್ಮನ್ನು ಒಂದು ವಸ್ತುಸಂಗ್ರಹಾಲಯದ ಪರೀಕ್ಷಕರ ಸ್ಥಾನದಲ್ಲಿ ಕೂರಿಸೋಣ. ಮೇಜಿನ ಮೇಲೆ ಒಂದು ವಿಸ್ ಪಿಸ್ತೂಲಿದೆ. ತೋಟಾಗಳಿಲ್ಲವೆಂದು ಬಲ್ಲವರು ಖಚಿತಪಡಿಸಿದ್ದಾರೆ. ಸ್ಲೈಡಿನ ಮೇಲೆ ಕಿರೀಟದ ಹದ್ದು, 1938 ಎಂಬ ವರ್ಷ. ಮಾರಲು ಬಂದವರು, ಇದು ಯುದ್ಧಕ್ಕೆ ಮೊದಲಿನದು, ಒಬ್ಬ ಅಧಿಕಾರಿಯದು ಎನ್ನುತ್ತಿದ್ದಾರೆ. ನೀವು ಏನು ನೋಡುತ್ತೀರಿ?

ಮೊದಲನೆಯದು, ಮೈ. ಹೊಸ ಉಕ್ಕಿಗೆ ತುಕ್ಕು ಹಿಡಿಯದಂತೆ ಕಾರ್ಖಾನೆಯಲ್ಲಿ ನೀಲಿಗಪ್ಪು ಮೆರುಗು ಕೊಡುತ್ತಾರೆ. ಬಳಕೆಯಲ್ಲಿ ಅದು ಎಲ್ಲ ಕಡೆ ಒಂದೇ ಸಮನೆ ಸವೆಯುವುದಿಲ್ಲ. ಚರ್ಮದ ಚೀಲಕ್ಕೆ ಉಜ್ಜುವ ಮೂತಿ, ಅಂಚುಗಳು ಮತ್ತು ಕೈ ತಾಗುವ ಹಿಡಿಯ ಭಾಗ ಮೊದಲು ಬಿಳಿಚಿಕೊಳ್ಳುತ್ತವೆ. ಎಂಬತ್ತು ವರ್ಷ ದಾಟಿದ ಪಿಸ್ತೂಲು ಅಂಗಡಿಯಿಂದ ಈಗ ತಂದಂತೆ ಹೊಳೆಯುತ್ತಿದ್ದರೆ ಸಂತೋಷಪಡುವ ಮೊದಲು ಅನುಮಾನಪಡಬೇಕು. ಭೂತಗನ್ನಡಿಯಲ್ಲಿ ನೋಡಿ. ತುಕ್ಕು ತಿಂದ ಸಣ್ಣ ಗುಳಿಗಳಿವೆಯೇ? ಆ ಗುಳಿಗಳ ಒಳಗೂ ಹೊಸ ಮೆರುಗು ತುಂಬಿಕೊಂಡಿದೆಯೇ? ಹಾಗಿದ್ದರೆ ಮೊದಲು ತುಕ್ಕು ಬಂದಿದೆ, ಆಮೇಲೆ ಮೆರುಗು ಬಂದಿದೆ. ಯಾರೋ ಮತ್ತೆ ಬಣ್ಣ ಕಟ್ಟಿದ್ದಾರೆ ಎಂದರ್ಥ.

ಎರಡನೆಯದು, ಅಂಚು ಮತ್ತು ಅಕ್ಷರ. ಮರುಮೆರುಗಿಗೆ ಮುನ್ನ ಲೋಹವನ್ನು ಉಜ್ಜಿ ನುಣುಪು ಮಾಡಲೇಬೇಕು. ಉಜ್ಜಿದಾಗ ಚೂಪಾಗಿದ್ದ ಅಂಚುಗಳು ದುಂಡಾಗುತ್ತವೆ, ಅಕ್ಷರಗಳು ಮಸುಕಾಗುತ್ತವೆ. ರಂಧ್ರಗಳ ಬಾಯಿ ಬಟ್ಟಲಿನ ಹಾಗೆ ಅಗಲವಾಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಅಚ್ಚಿನಿಂದ ಒತ್ತಿದ ಮುದ್ರೆ ಲೋಹವನ್ನು ಪಕ್ಕಕ್ಕೆ ತಳ್ಳುತ್ತದೆ. ಆದ್ದರಿಂದ ಅಕ್ಷರದ ದಂಡೆ ಕೂದಲೆಳೆಯಷ್ಟು ಉಬ್ಬಿರುತ್ತದೆ. ಉಳಿಯಿಂದಲೋ ಯಂತ್ರದಿಂದಲೋ ಕೊರೆದ ಅಕ್ಷರ ಲೋಹವನ್ನು ಕಿತ್ತು ತೆಗೆಯುತ್ತದೆ. ಅದರ ದಂಡೆ ಬೇರೆ, ತಳ ಬೇರೆ. ನಮ್ಮ ಊರಿನ ಪಾತ್ರೆ ಅಂಗಡಿಯಲ್ಲಿ ಹೆಸರು ಬರೆಸಿದ ಲೋಟವನ್ನೂ ಒಂದು ನಾಣ್ಯವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕೊರೆದದ್ದಕ್ಕೂ ಅಚ್ಚೊತ್ತಿದ್ದಕ್ಕೂ ಇರುವ ಭೇದ ನಿಮಗೇ ತಿಳಿಯುತ್ತದೆ.

ಮೂರನೆಯದು, ಸಂಖ್ಯೆ. ಸೈನ್ಯದ ಆಯುಧಗಳಿಗೆ ಕ್ರಮಸಂಖ್ಯೆ ಇರುತ್ತದೆ. ಆ ಸಂಖ್ಯೆಗೂ ತಯಾರಾದ ಕಾಲಕ್ಕೂ ಹೊಂದಿಕೆಯಿರಬೇಕು. ಯುದ್ಧಪೂರ್ವದ ವಿಸ್ ಪಿಸ್ತೂಲುಗಳದು ಬರಿಯ ಅಂಕಿ. ಜರ್ಮನರ ಕಾಲದ ಹೆಚ್ಚಿನವುಗಳಲ್ಲಿ ಒಂದು ಅಕ್ಷರ, ಅದರ ನಂತರ ನಾಲ್ಕು ಅಂಕಿ. ಒಂದಕ್ಕಿಂತ ಹೆಚ್ಚು ಭಾಗಗಳ ಮೇಲೆ ಸಂಖ್ಯೆ ಒತ್ತಿರುವ ಆಯುಧಗಳಲ್ಲಿ ಅವೆಲ್ಲವೂ ಒಂದೇ ಆಗಿವೆಯೇ ಎಂದು ನೋಡಬೇಕು. ಬೇರೆಯಾಗಿದ್ದ ಮಾತ್ರಕ್ಕೆ ಮೋಸವೆಂದು ತೀರ್ಮಾನಿಸುವಂತಿಲ್ಲ. ರಣರಂಗದಲ್ಲಿ ಮುರಿದದ್ದನ್ನು ಸೈನ್ಯದ ಮಿಸ್ತ್ರಿಗಳು ಬೇರೊಂದರ ಭಾಗ ಹಾಕಿ ದುರಸ್ತಿ ಮಾಡುತ್ತಿದ್ದರು. ಅದೂ ಇತಿಹಾಸವೇ. ಆ ಬದಲಾವಣೆಯನ್ನು ಮುಚ್ಚಿಟ್ಟು ಮಾರಿದರೆ ಮಾತ್ರ ಅದು ಮೋಸ.

ನಾಲ್ಕನೆಯದು, ಅಂಗಾಂಗಗಳ ಹೊಂದಾಣಿಕೆ. 1938ರ ಪಿಸ್ತೂಲಾದರೆ ಹಿಡಿಯ ಹಿಂದೆ ದಸ್ತೆಯ ಸೀಳು ಇರಲೇಬೇಕು, ಬಿಚ್ಚುವ ಸನ್ನೆಯೂ ಇರಬೇಕು. ಇವೆರಡೂ ಇಲ್ಲದ ಪಿಸ್ತೂಲಿನ ಮೇಲೆ ಕಿರೀಟದ ಹದ್ದು ಕುಳಿತಿದ್ದರೆ ಅದು ಕೂಟಶಾಸನವೇ ಸರಿ. ಹಾಗೆಯೇ ತಿರುಗಿಸಿ ಯೋಚಿಸಿ. ಯುದ್ಧದ ಕೊನೆಯ ದಿನಗಳ ಪಿಸ್ತೂಲಿನಲ್ಲಿ ಆ ಸನ್ನೆ ಇಲ್ಲವೆಂದು, ಕಳೆದುಹೋಗಿದೆ ಪಾಪ ಎಂದುಕೊಳ್ಳಬಾರದು. ಅದು ಅಲ್ಲಿ ಎಂದೂ ಇರಲಿಲ್ಲ. ಇಲ್ಲದಿರುವುದೇ ಅಲ್ಲಿ ಅಸಲಿತನದ ಗುರುತು. ಕೊನೆಯ ಕಾಲದ ಪಿಸ್ತೂಲಿನ ಒರಟು ಗೆರೆಗಳೂ ಹೀಗೆಯೇ. ಅವನ್ನು ಉಜ್ಜಿ ನಯ ಮಾಡಿದವನು ಚಂದ ಮಾಡಿದೆನೆಂದು ತಿಳಿಯುತ್ತಾನೆ. ಆದರೆ ಅವನು ಅಳಿಸಿದ್ದು 1944ರ ಅವಸರವನ್ನು, ಆ ವರ್ಷದ ಕೈಬರಹವನ್ನು. ಬೆಳ್ಳಗಿರುವುದೆಲ್ಲ ಹಾಲಲ್ಲ, ಒರಟಾಗಿರುವುದೆಲ್ಲ ಕಳಪೆಯೂ ಅಲ್ಲ.

ಐದನೆಯದು, ಕಥೆ. ಹಳೆಯ ಆಯುಧಗಳ ಜೊತೆ ಒಂದು ಕಥೆ ತಪ್ಪದೆ ಬರುತ್ತದೆ. ತಾತ ಒಬ್ಬ ಸೇನಾಧಿಪತಿಯಿಂದ ಕಿತ್ತುಕೊಂಡದ್ದು, ವಾರ್ಸಾ ದಂಗೆಯಲ್ಲಿ ಹೋರಾಡಿದ್ದು, ಹೀಗೆ. ಕಥೆ ನಿಜವಿರಬಹುದು. ಆದರೆ ಕಥೆಗೆ ಕಾಗದಪತ್ರದ ಬೆಂಬಲ ಬೇಕು. ಯುದ್ಧ ಮುಗಿದ ಮೇಲೆ ಮನೆಗೆ ಮರಳಿದ ಅಮೆರಿಕದ ಸೈನಿಕರು ತಂದ ಆಯುಧಗಳಲ್ಲಿ ಕೆಲವಕ್ಕೆ ಮೇಲಧಿಕಾರಿಯ ಅನುಮತಿ ಚೀಟಿ ಇರುತ್ತದೆ. ಅದರಲ್ಲಿ ಕ್ರಮಸಂಖ್ಯೆಯನ್ನು ನಮೂದಿಸಿದ್ದು, ಅದು ಪಿಸ್ತೂಲಿನ ಸಂಖ್ಯೆಗೆ ಹೊಂದಿದರೆ ಕಥೆಗೆ ತೂಕ ಬರುತ್ತದೆ. ಚೀಟಿಯೂ ನಕಲಿಯಾಗಿರಬಹುದಾದ್ದರಿಂದ ಕಾಗದ, ಶಾಯಿ, ಬೆರಳಚ್ಚುಗಳನ್ನು ಮತ್ತೆ ಪರೀಕ್ಷಿಸಬೇಕು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಗಾದೆ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ.

ಈ ಐದರಲ್ಲಿ ಯಾವುದೇ ಒಂದರಿಂದ ತೀರ್ಪು ಕೊಡಲಾಗದು ಎಂಬುದನ್ನು ಗಮನಿಸಿ. ಮೈ ಒಂದು ಕಾಲವನ್ನು ಹೇಳಿ ಸಂಖ್ಯೆ ಇನ್ನೊಂದು ಕಾಲವನ್ನು ಹೇಳಿದರೆ ನಡುವೆ ಏನೋ ನಡೆದಿದೆ. ಎಲ್ಲ ಸಾಕ್ಷಿಗಳೂ ಒಂದೇ ಕಾಲವನ್ನು ಹೇಳುತ್ತಿವೆಯೇ ಎಂಬುದೇ ಪರೀಕ್ಷೆಯ ತಿರುಳು.

ಸುಳ್ಳು ಹದ್ದಿನ ಹಿಂದೆ

ಯುದ್ಧಪೂರ್ವದ ವಿಸ್ ಸಂಖ್ಯೆಯಲ್ಲಿ ಕಡಿಮೆ, ಕೆಲಸದಲ್ಲಿ ಉತ್ತಮ. ಆದ್ದರಿಂದ ಸಂಗ್ರಾಹಕರಲ್ಲಿ ಅದಕ್ಕೆ ಬೇಡಿಕೆ ಹೆಚ್ಚು. ಜರ್ಮನರ ಕಾಲದ್ದು ಹೆಚ್ಚು ಸಿಗುತ್ತದೆ, ಬೆಲೆಯೂ ಕಡಿಮೆ. ಆಸೆಬುರುಕನೊಬ್ಬನಿಗೆ ಇಲ್ಲಿ ದಾರಿ ಕಾಣುತ್ತದೆ. ಸೀಳು ಮತ್ತು ಸನ್ನೆಗಳು ಇನ್ನೂ ಇರುವ, ಜರ್ಮನರ ಆಳ್ವಿಕೆಯ ಮೊದಲ ದಿನಗಳ ಪಿಸ್ತೂಲನ್ನು ಹಿಡಿದು, ಅದರ ಮೇಲಿನ ಬರಹ ಅಳಿಸಿ ಹದ್ದು, ವರ್ಷಗಳನ್ನು ಕೆತ್ತಿಬಿಟ್ಟರೆ?

ಅವನು ಏನೇನು ಮಾಡಬೇಕಾಗುತ್ತದೆ ನೋಡಿ. ‘ಮೋಡ್.’ ಅಳಿಸಿ ‘ವ್ಜ.’ ಬರೆಯಬೇಕು. ‘ಪಿ. 35 (ಪಿ)’ ಎಂಬುದನ್ನು ಉಜ್ಜಿ ತೆಗೆಯಬೇಕು. ಚಿಕ್ಕ ಹದ್ದುಗಳನ್ನೂ ಅವುಗಳ ಕೆಳಗಿನ 77ನ್ನೂ ತೆಗೆಯಬೇಕು. ಕ್ರಮಸಂಖ್ಯೆಯ ಮುಂದಿನ ಅಕ್ಷರವನ್ನು ಅಳಿಸಬೇಕು. ಪ್ರತಿ ಸಲವೂ ಲೋಹ ಸವೆಯುತ್ತದೆ. ಸ್ಲೈಡನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಸವೆದ ಕಡೆ ನೀರು ನಿಂತ ಅಂಗಳದಂತೆ ತಗ್ಗು ಕಾಣುತ್ತದೆ. ಅಳತೆಯ ಉಪಕರಣ ಹಿಡಿದರೆ ದಪ್ಪ ಕಡಿಮೆಯಾದದ್ದು ತಿಳಿಯುತ್ತದೆ. ಸುಳ್ಳು ಹೇಳಿದವನಿಗೆ ನೆನಪಿನ ಶಕ್ತಿ ಚೆನ್ನಾಗಿರಬೇಕು ಎನ್ನುತ್ತಾರೆ. ಲೋಹಕ್ಕೆ ಅವನಿಗಿಂತ ಹೆಚ್ಚು ನೆನಪು.

ಇದು ಅಲಂಕಾರದ ಮಾತಲ್ಲ, ವಿಜ್ಞಾನದ ಮಾತು. ಅಚ್ಚನ್ನು ಬಲವಾಗಿ ಒತ್ತಿದಾಗ ಅಕ್ಷರದ ತಳದಲ್ಲಿರುವ ಉಕ್ಕಿನ ಹರಳುಗಳೂ ಅದುಮಿಹೋಗುತ್ತವೆ. ಮೇಲಿನ ಸಂಖ್ಯೆಯನ್ನು ಅರದಿಂದ ಉಜ್ಜಿ ಅಳಿಸಿದರೂ ಒಳಗಿನ ಅದುಮು ಉಳಿದಿರುತ್ತದೆ. ಅಪರಾಧ ಪತ್ತೆಯ ಪ್ರಯೋಗಾಲಯಗಳಲ್ಲಿ ಆ ಜಾಗವನ್ನು ನುಣುಪು ಮಾಡಿ, ತಾಮ್ರದ ಕ್ಲೋರೈಡ್ ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲವನ್ನು ಸವರುತ್ತಾರೆ. ಅದುಮಿದ ಲೋಹವೂ ಸುತ್ತಲಿನ ಲೋಹವೂ ಆಮ್ಲಕ್ಕೆ ಒಂದೇ ರೀತಿ ಕರಗುವುದಿಲ್ಲ. ಆದ್ದರಿಂದ ಅಳಿಸಿದ ಸಂಖ್ಯೆ ನೆರಳಿನಂತೆ ಮೇಲೇಳುತ್ತದೆ. ಅರ ಬಹಳ ಆಳಕ್ಕೆ ಹೋಗಿದ್ದರೆ ಮಾತ್ರ ಏನೂ ಸಿಗದು.

ಸಂಖ್ಯೆಯಿಲ್ಲದ ಪಿಸ್ತೂಲು

ಇಷ್ಟೆಲ್ಲ ಪರೀಕ್ಷೆ ಸಂಗ್ರಾಹಕರ ದುಡ್ಡು ಉಳಿಸುವುದಕ್ಕೆ ಮಾತ್ರವೇ? ಅಷ್ಟೇ ಆಗಿದ್ದರೆ ಈ ಪುಟಗಳಲ್ಲಿ ಅದರ ಪ್ರಸ್ತಾಪ ಬೇಕಿರಲಿಲ್ಲ. ಮತ್ತೆ ರಾದೋಮ್ ಪಟ್ಟಣಕ್ಕೆ ಹೋಗೋಣ.

ಆಕ್ರಮಣಕಾರರಿಗಾಗಿ ಆಯುಧ ಮಾಡುತ್ತಿದ್ದ ಆ ಕಾರ್ಖಾನೆಯ ಪೋಲಿಷ್ ಕೆಲಸಗಾರರ ಪರಿಸ್ಥಿತಿಯನ್ನು ಊಹಿಸಿಕೊಳ್ಳಿ. ತಾವು ಕೆತ್ತಿದ ಪಿಸ್ತೂಲು ತಮ್ಮವರ ಎದೆಗೇ ಗುರಿಯಾಗುತ್ತದೆಂದು ಅವರಿಗೆ ಗೊತ್ತು. ಕೆಲಸ ಬಿಟ್ಟರೆ ಅನ್ನವಿಲ್ಲ, ಎದುರು ನಿಂತರೆ ಪ್ರಾಣವಿಲ್ಲ. ಆಗ ಕೆಲವರು ಬೇರೊಂದು ದಾರಿ ಹಿಡಿದರು. ಬಿಡಿಭಾಗಗಳನ್ನು ಒಂದೊಂದಾಗಿ ಗುಟ್ಟಾಗಿ ಹೊರಗೆ ಸಾಗಿಸಿ ಭೂಗತ ಹೋರಾಟಗಾರರಿಗೆ ತಲುಪಿಸತೊಡಗಿದರು. 1942ರಿಂದ ಆ ಹೋರಾಟಗಾರರ ಮುಖ್ಯ ಸಂಘಟನೆಯ ಹೆಸರು ಆರ್ಮಿಯಾ ಕ್ರಯೋವಾ, ಅಂದರೆ ಸ್ವದೇಶ ಸೇನೆ.

ಜರ್ಮನರು ಇಂಥ ಅಪಾಯವನ್ನು ನಿರೀಕ್ಷಿಸಿಯೇ ಇದ್ದರು. ಆದ್ದರಿಂದ ನಳಿಗೆಗಳನ್ನು ರಾದೋಮ್‌ನಲ್ಲಿ ಮಾಡಗೊಡದೆ ಆಸ್ಟ್ರಿಯದಲ್ಲಿ ಸ್ಟೈಯರ್ ಕಂಪನಿಯೇ ಮಾಡುವಂತೆ ವ್ಯವಸ್ಥೆ ಮಾಡಿದ್ದರು. ಮಿಕ್ಕ ಎಲ್ಲವೂ ಹೊರಗೆ ಹೋದರೂ ನಳಿಗೆಯಿಲ್ಲದೆ ಪಿಸ್ತೂಲು ಹಾರದು ಎಂಬುದು ಅವರ ಲೆಕ್ಕ. ಆ ಲೆಕ್ಕ ಪೂರ್ತಿ ಫಲಿಸಲಿಲ್ಲ. ಭೂಗತರು ಅದಕ್ಕೂ ದಾರಿ ಹುಡುಕಿಕೊಂಡರು. ಕಾರ್ಖಾನೆಯ ಲೆಕ್ಕಪುಸ್ತಕದಲ್ಲಿಲ್ಲದ ಪಿಸ್ತೂಲುಗಳು ಅವರ ಕೈ ಸೇರಿದವು. ಅವುಗಳ ಮೇಲೆ ಕ್ರಮಸಂಖ್ಯೆ ಇರಲಿಲ್ಲ.

1942ರ ಸೆಪ್ಟೆಂಬರಿನಲ್ಲಿ ರಾದೋಮ್ ಸಮೀಪದ ರೋಷ್ಕಿ ಎಂಬ ಚಿಕ್ಕ ರೈಲು ನಿಲ್ದಾಣದಲ್ಲಿ ಭೂಗತ ಹೋರಾಟಗಾರರಿಗೂ ಜರ್ಮನರಿಗೂ ಗುಂಡಿನ ಚಕಮಕಿ ನಡೆಯಿತು. ಸಿಕ್ಕಿದ ಪಿಸ್ತೂಲುಗಳು ಎಲ್ಲಿಂದ ಬಂದವೆಂದು ತಿಳಿಯಲು ಜರ್ಮನರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಂಧನಗಳು ನಡೆದವು. ಅಕ್ಟೋಬರಿನಲ್ಲಿ ಐವತ್ತು ಜನರನ್ನು ಬಹಿರಂಗವಾಗಿ ನೇಣಿಗೇರಿಸಿದರು. ಕೆಲವರನ್ನು ಕೊಂದದ್ದು ಅದೇ ಆಯುಧ ಕಾರ್ಖಾನೆಯ ಎದುರಿನಲ್ಲಿ, ಜೊತೆಯ ಕೆಲಸಗಾರರು ನೋಡುವಂತೆ.

ಆದರೂ ಹೋರಾಟ ನಿಲ್ಲಲಿಲ್ಲ. 1944ರ ಆಗಸ್ಟ್ 1ರಂದು ವಾರ್ಸಾ ನಗರದಲ್ಲಿ ದಂಗೆಯೆದ್ದು 63 ದಿನ ಹೋರಾಡಿದವರ ಕೈಯಲ್ಲಿಯೂ ವಿಸ್ ಪಿಸ್ತೂಲುಗಳಿದ್ದವು.

ಈಗ ನಮ್ಮ ಮೇಜಿನ ಮೇಲೆ ಇನ್ನೊಂದು ಪಿಸ್ತೂಲು ಬಂದಿದೆ ಎಂದುಕೊಳ್ಳಿ. ಅದಕ್ಕೆ ಸಂಖ್ಯೆಯೇ ಇಲ್ಲ. ಸಾಮಾನ್ಯ ನಿಯಮದಂತೆ ಸಂಖ್ಯೆಯಿಲ್ಲದ್ದು ಅನುಮಾನದ ವಸ್ತು. ಯಾವನೋ ಕಳ್ಳ ಅಳಿಸಿರಬಹುದು. ಹಾಗಲ್ಲದೆ, ಸಂಖ್ಯೆ ಒತ್ತುವ ಮೇಜಿಗೆ ಹೋಗುವ ಮೊದಲೇ ಒಬ್ಬ ಕೆಲಸಗಾರನ ಅಂಗಿಯೊಳಗೆ ಸೇರಿ ಹೊರಬಂದದ್ದೂ ಆಗಿರಬಹುದು. ಮೊದಲನೆಯದು ಅಪರಾಧದ ಗುರುತು, ಎರಡನೆಯದು ತ್ಯಾಗದ ಗುರುತು. ಬರಿಗಣ್ಣಿಗೆ ಎರಡೂ ಒಂದೇ. ಸಂಖ್ಯೆ ಇರಬೇಕಾದ ಜಾಗದಲ್ಲಿ ಲೋಹದ ದಪ್ಪ ಸರಿಯಾಗಿದೆಯೇ? ಕಾರ್ಖಾನೆಯ ಯಂತ್ರದ ಗೆರೆಗಳು ಅಲ್ಲಿ ಕಡಿಯದೆ ಮುಂದುವರಿದಿವೆಯೇ? ಆಮ್ಲ ಸವರಿದಾಗ ನೆರಳು ಏಳುತ್ತದೆಯೇ? ಜರ್ಮನ್ ತನಿಖೆಯ ಚಿಕ್ಕ ಹದ್ದುಗಳು ಇವೆಯೇ, ಇಲ್ಲವೇ? ಸಂಗ್ರಾಹಕರು ಹಣಕ್ಕಾಗಿ ಕಲಿತ ಈ ವಿದ್ಯೆ ಇಲ್ಲಿ ಸತ್ತವರಿಗೆ ನ್ಯಾಯ ಕೊಡುವ ವಿದ್ಯೆಯಾಗುತ್ತದೆ.

ಸುಳ್ಳು ಹದ್ದನ್ನು ಕೆತ್ತಿದವನ ತಪ್ಪು ಎಷ್ಟು ದೊಡ್ಡದೆಂಬುದೂ ಈಗ ನಿಮಗೆ ತಿಳಿಯಬಹುದು. ಕೊಳ್ಳುವವನಿಗೆ ಹಣದ ನಷ್ಟವಾಯಿತು, ಅದಿರಲಿ. ‘ಪಿ. 35 (ಪಿ)’ ಎಂಬ ಬರಹವನ್ನೂ 77ರ ಮುದ್ರೆಯನ್ನೂ ಅಳಿಸಿದಾಗ, ಒಬ್ಬ ಕೆಲಸಗಾರ ಬಂದೂಕಿನ ಕಾವಲಿನಲ್ಲಿ ನಿಂತು ಆ ಉಕ್ಕನ್ನು ಕೆತ್ತಿದ ಎಂಬುದಕ್ಕಿದ್ದ ಸಾಕ್ಷಿಯೇ ಅಳಿಸಿಹೋಯಿತು. ದಾಸ್ಯದ ವರ್ಷಗಳ ಜಾಗದಲ್ಲಿ ಸುಳ್ಳು ಸ್ವಾತಂತ್ರ್ಯವನ್ನು ಬರೆದಂತಾಯಿತು. ಆ ಲಾಂಛನ ಎಷ್ಟೇ ಗೌರವದ್ದಾದರೂ ಅದು ಅಲ್ಲಿ ಸುಳ್ಳೇ.

ಹಾಗೆಂದು ಹೊಸದಾಗಿ ಮಾಡಿದ್ದೆಲ್ಲ ಮೋಸವಲ್ಲ. 1990ರ ದಶಕದಲ್ಲಿ ರಾದೋಮ್‌ನ ಕಾರ್ಖಾನೆಯೇ ಕೆಲವು ವಿಸ್ ಪಿಸ್ತೂಲುಗಳನ್ನು ಮತ್ತೆ ತಯಾರಿಸಿತು. ಅವು ಹೊಸದೆಂದು ಹೇಳಿಯೇ ಮಾಡಿದವು. ಹೊಸದು ತನ್ನನ್ನು ಹೊಸದೆಂದು ಹೇಳಿಕೊಳ್ಳುವವರೆಗೆ ಇತಿಹಾಸಕ್ಕೆ ತೊಂದರೆಯಿಲ್ಲ.

ಕೊನೆಯ ಮಾತು

ಮಿತ್ರರೇ, ನಿಮ್ಮಲ್ಲಿ ಹೆಚ್ಚಿನವರು ವಿಸ್ ಪಿಸ್ತೂಲನ್ನು ಮುಟ್ಟುವುದಿರಲಿ, ಕಾಣುವುದೂ ಅಪರೂಪ. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಇಂಥ ಆಯುಧವನ್ನು ಇಟ್ಟುಕೊಳ್ಳುವಂತಿಲ್ಲ. ಹಳೆಯ ಮನೆಯ ಅಟ್ಟದಲ್ಲಿ ಎಂದಾದರೂ ಹಳೆಯ ಬಂದೂಕು ಕಂಡರೆ ಅದನ್ನು ಮುಟ್ಟದೆ ಹಿರಿಯರಿಗೆ ಹೇಳಿ, ಅವರ ಮೂಲಕ ಪೊಲೀಸರಿಗೆ ತಿಳಿಸಬೇಕು. ಆದರೆ ಇಲ್ಲಿ ಕಲಿತ ಪರೀಕ್ಷೆಯ ಕ್ರಮವನ್ನು ನೀವು ನಾಣ್ಯಕ್ಕೆ, ಹಳೆಯ ಪತ್ರಕ್ಕೆ, ಊರಿನ ವೀರಗಲ್ಲಿಗೆ, ಮನೆಯ ದೇವರ ಹಿತ್ತಾಳೆ ದೀಪಕ್ಕೆ ಕೂಡ ಬಳಸಬಹುದು. ಅಜ್ಜಿಯ ಪೆಟ್ಟಿಗೆಯಲ್ಲಿ ಹಳೆಯ ನಾಣ್ಯ ಸಿಕ್ಕಿದಾಗ ಹುಣಿಸೆಹಣ್ಣು ಹಾಕಿ ಫಳಫಳ ಉಜ್ಜುವ ಮೊದಲು ಒಂದು ಕ್ಷಣ ನಿಲ್ಲಿ. ನೀವು ತೊಳೆಯುತ್ತಿರುವುದು ಬರಿಯ ಕೊಳೆಯಾಗಿರಲಾರದು.

ಒಂದು ಪಿಸ್ತೂಲಿನ ಮೇಲೆ ಎರಡು ಹದ್ದುಗಳ ಕಥೆ ಓದಿದಿರಿ. ಒಂದು ಹದ್ದು ಒಂದು ಜನತೆಯ ಆಸೆಯ ಗುರುತು, ಇನ್ನೊಂದು ಅವರ ಮೇಲಿನ ದಬ್ಬಾಳಿಕೆಯ ಗುರುತು. ಹದ್ದೇ ಇಲ್ಲದ, ಸಂಖ್ಯೆಯೂ ಇಲ್ಲದ ಮೂರನೆಯದೊಂದಿತ್ತು. ಅದನ್ನು ಮಾಡಿದವರ ಹೆಸರು ಅದರ ಮೇಲೆ ಎಲ್ಲಿಯೂ ಇಲ್ಲ. ಅದನ್ನು ಗುರುತಿಸಬಲ್ಲವರು ಇರುವವರೆಗೆ ಅವರ ನೆನಪು ಉಳಿಯುತ್ತದೆ.

ನೀವೇ ಯೋಚಿಸಿ

1. ದುರಸ್ತಿಗೂ ನಕಲಿಗೂ ಇರುವ ವ್ಯತ್ಯಾಸವೇನು? ನಿಮ್ಮ ಊರಿನ ಜೀರ್ಣೋದ್ಧಾರಗೊಂಡ ದೇವಾಲಯವೊಂದನ್ನು ಉದಾಹರಣೆಯಾಗಿ ತೆಗೆದುಕೊಂಡು ಬರೆಯಿರಿ.

2. ಒಂದು ವಸ್ತುವಿನಲ್ಲಿ ಇಲ್ಲದಿರುವ ಗುರುತೂ ಸಾಕ್ಷಿಯಾಗಬಲ್ಲದು. ಈ ಲೇಖನದಿಂದ ಎರಡು ನಿದರ್ಶನಗಳನ್ನು ಆರಿಸಿ ವಿವರಿಸಿ.

3. ನಿಮ್ಮ ಮನೆಯಲ್ಲಿ ಐವತ್ತು ವರ್ಷಕ್ಕಿಂತ ಹಳೆಯ ವಸ್ತುವೊಂದನ್ನು ಹುಡುಕಿ. ಅದರ ಬಗ್ಗೆ ಹಿರಿಯರು ಹೇಳುವ ಕಥೆಯನ್ನು ಒಂದು ಹಾಳೆಯಲ್ಲಿ, ವಸ್ತುವೇ ಹೇಳುವ ಸಾಕ್ಷ್ಯವನ್ನು ಇನ್ನೊಂದು ಹಾಳೆಯಲ್ಲಿ ಬರೆಯಿರಿ. ಎರಡೂ ಎಷ್ಟರಮಟ್ಟಿಗೆ ಹೊಂದುತ್ತವೆ?